ಸೋಪು ಕೊಳ್ಳೋವಾಗ ಪ್ಯಾಕೆಟ್ ಹಿಂದೆ ತಿರುಗ್ಸಿ ನೋಡಿ

ಜನವರಿ ಬಂತು ಅಂದ್ರೆ ನಮ್ಮ ಕೊಡಗಿನ ಸುಂಟಿಕೊಪ್ಪ ಕಡೆ ಇಬ್ರು ಸಿಕ್ಕಿದ್ರೆ ಎರಡೇ ಮಾತು, ಒಂದು ಕಾಫಿ ರೇಟ್ ಎಷ್ಟಾಯ್ತು, ಇನ್ನೊಂದು ಕೈಕಾಲೆಲ್ಲ ಒಡ್ದು ಹೋಗ್ತಿದೆ ಏನ್ ಹಚ್ಕೊಳ್ಳೋದು. ಕಾಫಿ ರೇಟ್ ನಮ್ಮನೆಯವ್ರನ್ನ ಕೇಳಿ. ಚರ್ಮದ ವಿಷಯ ಮಾತ್ರ ನಾನು ಸ್ವಲ್ಪ ಓದ್ಕೊಂಡಿದ್ದೀನಿ, ಯಾಕಂದ್ರೆ ಮಗಳಿಗೆ ಚಿಕ್ಕಂದಿನಿಂದ ಮೊಣಕೈ ಸಂದಿ, ಮೊಣಕಾಲಿನ ಹಿಂದೆ ಎಲ್ಲ ಇಸಬು, ಚಳಿಗಾಲದಲ್ಲಿ ರಾತ್ರಿಯಿಡೀ ಪರಪರ ಕೆರ್ಕೊಳ್ಳೋದು. ಮೈಸೂರಲ್ಲಿ ತೋರಿಸ್ದಾಗ ಸ್ಕಿನ್ ಡಾಕ್ಟ್ರು ಮೊದ್ಲು ಕೇಳಿದ್ದೇ "ಸೋಪ್ ಯಾವ್ದಮ್ಮ ಹಾಕ್ತೀರಾ?" ಅಂತ, ಕ್ರೀಮ್ ಬರ್ಕೊಟ್ಟಿದ್ದು ಆಮೇಲೆ. ಅವತ್ತಿಂದ ಸೋಪ್ ತಗೊಳ್ಳೋವಾಗ ಪ್ಯಾಕೆಟ್ ಹಿಂದೆ ತಿರುಗ್ಸಿ ಓದೋ ಚಾಳಿ ಹತ್ಕೊಂಡಿದೆ, ಅಂಗಡಿಯವ್ರು "ಎಂಥ ಅಕ್ಕ, ಡೇಟ್ ಆಗಿರೋದು ನಾವು ಇಡಲ್ಲ" ಅಂತ ನಗ್ತಾರೆ.

ಪ್ಯಾಕೆಟ್ ಮುಂದೆ ಬರೆದಿರೋದು ಯಾವ್ದೂ ಕೆಲ್ಸಕ್ಕೆ ಬರಲ್ಲ. ಹಾಲು ಸುರೀತಿರೋ ಫೋಟೋ, ಬಾದಾಮಿ, ಲೋಳೆಸರ, ನ್ಯಾಚುರಲ್, ಜೆಂಟಲ್, ಡರ್ಮಟಾಲಜಿಸ್ಟ್ ಟೆಸ್ಟೆಡ್... ಟೆಸ್ಟ್ ಮಾಡಿದಾರೆ ಸರಿ, ಟೆಸ್ಟಲ್ಲಿ ಏನ್ ಬಂತು ಅಂತ ಎಲ್ಲಾದ್ರೂ ಬರೆದಿದಾರಾ ನೋಡಿ.

ಸೋಪು ಅಂದ್ರೆ ಮೂಲದಲ್ಲಿ ಎಣ್ಣೆ ಅಥವಾ ಕೊಬ್ಬಿಗೆ ಕಾಸ್ಟಿಕ್ ಸೋಡ ಸೇರ್ಸಿ ಮಾಡೋದು, ಅದು ಯಾವ ಕಂಪ್ನಿದೇ ಆಗ್ಲಿ, ಮನೇಲಿ ಮಾಡಿದ್ದೇ ಆಗ್ಲಿ. ಆ ಎರಡೂ ಸೇರಿ ಹುಟ್ಟೋ ವಸ್ತು ಜಿಡ್ಡನ್ನ ನೀರಲ್ಲಿ ಬಿಡ್ಸಿ ತೊಳ್ಕೊಂಡು ಹೋಗುತ್ತೆ. ತೊಂದ್ರೆ ಏನಂದ್ರೆ ಪಂದಿ ಕರಿ (ಹಂದಿ ಮಾಂಸದ ಸಾರು) ತಿಂದ ಕೈಯ ಜಿಡ್ಡು ಯಾವ್ದು, ಚರ್ಮ ತನ್ನ ತೇವ ಕಾಪಾಡ್ಕೊಳ್ಳೋಕೆ ಇಟ್ಕೊಂಡಿರೋ ಎಣ್ಣೆ ಅಂಶ ಯಾವ್ದು ಅಂತ ಸೋಪಿಗೆ ಗೊತ್ತಾಗಲ್ಲ, ಎರಡನ್ನೂ ಎಳ್ಕೊಂಡು ಹೋಗುತ್ತೆ. ಎಣ್ಣೆ ಹೋದ್ಮೇಲೆ ಚರ್ಮದೊಳಗಿನ ನೀರು ಆರೋಕೆ ಶುರು, ಆಮೇಲೆ ಬಿಗಿತ, ಬಿಳಿ ಬಿಳಿ ಗೆರೆ, ತುರಿಕೆ. ಇನ್ನೊಂದು ಪಿಎಚ್ ವಿಷಯ, ಅಂದ್ರೆ ಹುಳಿನೋ ಕ್ಷಾರನೋ ಅಂತ ಅಳೆಯೋ ನಂಬರ್. ನಮ್ಮ ಚರ್ಮದ ಮೇಲ್ಮೈ ಸ್ವಲ್ಪ ಹುಳಿ ಕಡೆ, ಪಿಎಚ್ 4.5ರಿಂದ 5.5 ಆಸುಪಾಸು. ಸೋಪು 9ರಿಂದ 10, ಅಂದ್ರೆ ಕ್ಷಾರ. ನಂಬರ್ ನೋಡಿದ್ರೆ ಡಬ್ಬಲ್ ಅಷ್ಟೇ ತಾನೆ ಅನ್ಸುತ್ತೆ, ಆದ್ರೆ ಪಿಎಚ್‌ನಲ್ಲಿ ಒಂದೊಂದು ನಂಬರಿಗೂ ಹತ್ತು ಪಟ್ಟು ಲೆಕ್ಕ, ಹಂಗಾಗಿ ಸಾವಿರಾರು ಪಟ್ಟು ವ್ಯತ್ಯಾಸ. ಗಟ್ಟಿ ಚರ್ಮದವ್ರಿಗೆ ಕೆಲವು ಗಂಟೇಲಿ ತಾನಾಗೇ ಸರಿ ಹೋಗುತ್ತೆ. ಇಸಬು ಇರೋರಿಗೆ, ಸಣ್ಣ ಮಕ್ಕಳಿಗೆ, ವಯಸ್ಸಾದವ್ರಿಗೆ ಅಷ್ಟು ಬೇಗ ಸರಿ ಹೋಗಲ್ಲ, ಅಷ್ಟರಲ್ಲಿ ಮುಂದಿನ ಸ್ನಾನ ಬಂದಿರುತ್ತೆ.

ಇದನ್ನ ಮನೇಲೇ ನೋಡ್ಬೋದು, ಲ್ಯಾಬ್ ಏನೂ ಬೇಡ. ಬಿಳಿ ಶರ್ಟ್ ಮೇಲೆ ಸಾಂಬಾರ್ ಚೆಲ್ಲಿ, ಒಗೆಯೋಕೆ ಸೋಪು ಹಚ್ಚಿದ ತಕ್ಷಣ ಹಳದಿ ಕಲೆ ರಕ್ತದ ಥರ ಕೆಂಪಗಾಗೋದು ಎಲ್ರೂ ನೋಡಿರ್ತೀರ. ಅದು ಅರಿಶಿನ, ಕ್ಷಾರ ತಾಗಿದ್ರೆ ಕೆಂಪಾಗೋದು ಅದರ ಗುಣ, ಅರಿಶಿನಕ್ಕೆ ಸುಣ್ಣ ಹಾಕಿ ಕುಂಕುಮ ಮಾಡೋದೂ ಇದೇ ಲೆಕ್ಕದಲ್ಲಿ. ಮಗಳ ಸ್ಕೂಲ್ ಪ್ರಾಜೆಕ್ಟ್ ಅಂತ ಒಂದಿನ ನಾವು ಅರಿಶಿನ ನೀರಲ್ಲಿ ಕದ್ಡಿ, ಡ್ರಾಯಿಂಗ್ ಶೀಟಿಗೆ ಬಳ್ದು, ಒಲೆ ಪಕ್ಕ ಒಣಗ್ಸಿ, ಸಣ್ಣ ಸಣ್ಣ ಪಟ್ಟಿ ಕತ್ರಿಸ್ಕೊಂಡು, ಬಚ್ಚಲಲ್ಲಿ ಇದ್ದ ಸೋಪೆಲ್ಲ ತಂದು ಒಂದೊಂದರ ನೊರೆ ಒಂದೊಂದು ಪಟ್ಟಿ ಮೇಲೆ ಇಟ್ವಿ. ಬಟ್ಟೆ ಸೋಪು ಇಟ್ಟ ಕೂಡ್ಲೇ ಕಂದುಗೆಂಪು. ಮೈ ಸೋಪು ಕೆಂಪು. ಆ ಕಡೆಯಿಂದ ಈ ಕಡೆ ಕಾಣೋ ಗ್ಲಿಸರಿನ್ ಸೋಪು, ಎಲ್ರೂ ಮೆತ್ತಗಿರುತ್ತೆ ಅಂತ ಚಳಿಗಾಲಕ್ಕೆ ತರೋದು, ಅದೂ ಕೆಂಪೇ. ನಾದಿನಿ ಮಗೂಗೆ ಅಂತ ತಂದಿದ್ದ ಬೇಬಿ ಸೋಪಿನ ಪಟ್ಟಿ ಕೆಂಪಾದಾಗ ನಾದಿನಿ ಮುಖ ನೋಡ್ಬೇಕಿತ್ತು, "ಅತ್ಗೆ, ಇನ್ನೊಂದ್ಸಲ ಮಾಡಿ, ಕೈ ಸರಿಯಾಗಿ ತೊಳ್ದಿಲ್ಲ ನೀವು" ಅಂತ. ಮಾಡಿದ್ವಿ, ಮತ್ತೆ ಕೆಂಪು. ಡಾಕ್ಟ್ರು ಬರ್ಕೊಟ್ಟಿದ್ದ ಬಾರ್ ಒಂದರ ಪಟ್ಟಿ ಮಾತ್ರ ಹಳದಿಯಾಗೇ ಉಳೀತು.

ಅದು ನಿಜಕ್ಕೂ ಸೋಪೇ ಅಲ್ಲ. ಅದಕ್ಕೆ ಸಿಂಡೆಟ್ ಬಾರ್ ಅಂತಾರೆ, ಎಣ್ಣೆಗೆ ಕಾಸ್ಟಿಕ್ ಹಾಕಿ ಮಾಡಿದ್ದಲ್ಲ, ಬೇರೆ ಥರದ ತೊಳೆಯೋ ವಸ್ತು. ಪ್ಯಾಕೆಟ್ ಹಿಂದೆ ಮೊದಲ ಹೆಸ್ರೇ ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್ ಅಂತ ಇದ್ರೆ ಇದೇ ಜಾತಿ ಅಂತ ತಿಳ್ಕೊಳ್ಳಿ. ಅದೇ ಸೋಡಿಯಂ ಪಾಮೇಟ್, ಸೋಡಿಯಂ ಪಾಮ್ ಕರ್ನಲೇಟ್, ಸೋಡಿಯಂ ಕೊಕೊಯೇಟ್ ಅಂತ ಶುರುವಾದ್ರೆ ಅದು ಮಾಮೂಲಿ ಸೋಪು, ತಾಳೆ ಎಣ್ಣೆ ತೆಂಗಿನೆಣ್ಣೆದು, ಮುಂದೆ ಏನೇ ಹಾಲು ಸುರಿದಿದ್ರೂನು. ಡವ್ 1957ರಲ್ಲಿ ಅಮೆರಿಕದಲ್ಲಿ ಬಂದಿದ್ದು ಇದೇ ಐಡಿಯಾದಲ್ಲಿ. ಈಗ ಮೆಡಿಕಲ್ ಸ್ಟೋರಲ್ಲಿ ಇಂಥ ಬಾರ್ ಬೇಕಾದಷ್ಟು ಸಿಗುತ್ತೆ, ರೇಟ್ ಮಾತ್ರ ಮಾಮೂಲಿ ಸೋಪಿನ ಎರಡು ಮೂರು ಪಟ್ಟು, ಅದರ ಮೇಲೂ ಇದೆ. ಹೆಸರಿನ ಬಗ್ಗೆ ತಲೆ ಕೆಡಿಸ್ಕೋಬೇಡಿ, ಹಿಂದೆ ಇರೋ ಮೊದಲ ಎರಡು ಮೂರು ಸಾಮಾನು ನೋಡಿ ಸಾಕು, ಜಾಸ್ತಿ ಇರೋದನ್ನ ಮೊದ್ಲು ಬರೀತಾರೆ.

ಇಲ್ಲಿ ಟಿಎಫ್‌ಎಂ ಬಗ್ಗೆ ಹೇಳ್ಲೇಬೇಕು, ವಾಟ್ಸಾಪಲ್ಲಿ ವರ್ಷಕ್ಕೊಂದ್ಸಲ ಸುತ್ತೋ ಮೆಸೇಜ್ ಅದು. ಟೋಟಲ್ ಫ್ಯಾಟಿ ಮ್ಯಾಟರ್, ಅಂದ್ರೆ ಸೋಪಲ್ಲಿ ಕೊಬ್ಬಿನ ಅಂಶ ಎಷ್ಟು ಅಂತ. ನಮ್ಮ ದೇಶದಲ್ಲಿ ಸಾಮಾನಿನ ಗುಣಮಟ್ಟ ಗೊತ್ತು ಮಾಡೋ ಬಿಐಎಸ್ ಲೆಕ್ಕದಲ್ಲಿ ಟಾಯ್ಲೆಟ್ ಸೋಪು ಗ್ರೇಡ್ 1 ಅನ್ನಿಸ್ಕೊಳ್ಳೋಕೆ ಕಮ್ಮಿ ಅಂದ್ರೂ 76 ಪರ್ಸೆಂಟ್, ಗ್ರೇಡ್ 2ಕ್ಕೆ 70, ಗ್ರೇಡ್ 3ಕ್ಕೆ 60. ಬೇದಿಂಗ್ ಬಾರ್ ಅಂತ ಬರೆದಿದ್ರೆ 40 ಇದ್ರೂ ನಡೆಯುತ್ತೆ. ಮೆಸೇಜ್ ಪ್ರಕಾರ ಟಿಎಫ್‌ಎಂ ಜಾಸ್ತಿ ಇದ್ರೆ ಚರ್ಮಕ್ಕೆ ಮೆದು, ಕಮ್ಮಿ ಇದ್ರೆ ವಿಷ. ಅರ್ಧ ನಿಜ ಅದು. ಮಾಮೂಲಿ ಸೋಪು ಸೋಪು ಹೋಲಿಸೋವಾಗ ಟಿಎಫ್‌ಎಂ ಜಾಸ್ತಿ ಇರೋದು ಬಾಳಿಕೆ ಬರುತ್ತೆ, ಬೇಗ ಕರಗಲ್ಲ, ಟಾಲ್ಕ್ ಗೀಲ್ಕ್ ತುಂಬಿರಲ್ಲ, ದುಡ್ಡಿಗೆ ಮೋಸ ಇಲ್ಲ. ಆದ್ರೆ 76 ಇರೋ ಸೋಪೂ ಕ್ಷಾರವೇ, ಅರಿಶಿನದ ಪಟ್ಟಿ ಅದಕ್ಕೂ ಕೆಂಪಾಗುತ್ತೆ. ಸಿಂಡೆಟ್ ಬಾರ್‌ಗೆ ಈ ಅಳತೆಗೋಲೇ ಹೊಂದಲ್ಲ, ಟಿಎಫ್‌ಎಂ ಕಮ್ಮಿ ಅಂತ ಸಿಂಡೆಟ್ ಬಿಟ್ಟು ಮಾಮೂಲಿ ಸೋಪು ತಗೊಂಡ್ರೆ ಒಡ್ದ ಚರ್ಮದವ್ರಿಗೆ ನಷ್ಟ.

ನಮ್ಮತ್ತೆಗೆ ಮೈಸೂರ್ ಸ್ಯಾಂಡಲ್ ಬಿಟ್ರೆ ಬೇರೆ ಸೋಪು ಸೋಪೇ ಅಲ್ಲ. ಮಹಾಯುದ್ಧದ ಟೈಮಲ್ಲಿ ಗಂಧದ ಮರ ಯುರೋಪಿಗೆ ಹೋಗೋದು ನಿಂತು, 1916ರಲ್ಲಿ ನಾಲ್ವಡಿಯವ್ರು, ವಿಶ್ವೇಶ್ವರಯ್ಯನವ್ರು ಸೇರಿ ಇಲ್ಲೇ ಎಣ್ಣೆ ತೆಗ್ಸೋಕೆ ಶುರು ಮಾಡಿ, ಅದರಿಂದ ಸೋಪೂ ಆಯ್ತು, ಆಗ ಕೊಡಗು ಮೈಸೂರಿಗೆ ಸೇರೇ ಇರ್ಲಿಲ್ಲ, ಸೇರಿದ್ದು 1956ರಲ್ಲಿ, ಆದ್ರೂ ಅತ್ತೆಗೆ ಅದು "ನಮ್ ಸೋಪು". ನಾನೂ ಬೇಡ ಅನ್ನಲ್ಲ. ಅವ್ರ ಚರ್ಮಕ್ಕೆ ಒಗ್ಗಿದೆ, ಒಳ್ಳೇ ಸೋಪು, ಬಚ್ಚಲೆಲ್ಲ ಘಮ ಘಮ. ಮಗಳಿಗೆ ಮಾತ್ರ ಕೊಡಲ್ಲ, ಕಾರಣ ಆ ಘಮವೇ.

ಪರ್ಫ್ಯೂಮ್ ವಿಷಯ ಜನ ಗಮನಕ್ಕೇ ತಗೊಳ್ಳಲ್ಲ. ಸೋಪು ಕ್ರೀಮಿಂದ ಬರೋ ಅಲರ್ಜಿಲಿ ಸುಗಂಧದ ಪಾಲು ದೊಡ್ದು. ಅದು ಕೆಮಿಕಲ್ ಆದ್ರೆ ಮಾತ್ರ ಕೆಟ್ದು, ಗಿಡದಿಂದ ಬಂದಿದ್ರೆ ಪರವಾಗಿಲ್ಲ ಅಂತೇನಿಲ್ಲ, ಲೆಮನ್‌ಗ್ರಾಸ್ ಎಣ್ಣೆ, ಕಿತ್ತಳೆ ಸಿಪ್ಪೆ ಎಣ್ಣೆ, ಲ್ಯಾವೆಂಡರ್ ಎಲ್ಲದ್ರಲ್ಲೂ ಚರ್ಮಕ್ಕೆ ಆಗದಿರೋ ಅಂಶ ಇರುತ್ತೆ. ಲೇಬಲ್ಲಲ್ಲಿ ಲಿಮೊನೀನ್, ಲಿನಲೂಲ್, ಜೆರಾನಿಯಾಲ್ ಅಂತ ಕೊನೇಲಿ ಇದ್ರೆ ಅದೆಲ್ಲ ಸುಗಂಧದ್ದೇ ಹೆಸ್ರು. ಇನ್ನೊಂದು ಕಿತಾಪತಿ, ಅನ್‌ಸೆಂಟೆಡ್ ಅಂತ ಬರೆದಿರೋದ್ರಲ್ಲೂ ಸಾಮಾನಿನ ವಾಸನೆ ಮುಚ್ಚೋಕೆ ಸ್ವಲ್ಪ ಸುಗಂಧ ಹಾಕಿರ್ಬೋದು. ಫ್ರಾಗ್ರೆನ್ಸ್ ಫ್ರೀ ಅಂತ ಇದ್ದು, ಹಿಂದೆ ಪರ್ಫ್ಯೂಮ್ ಅನ್ನೋ ಪದ ಇಲ್ದೇ ಇದ್ರೆ ಸರಿ.

ಮಡಿಕೇರಿಗೆ ಬಂದ ಟೂರಿಸ್ಟುಗಳು ಹೋಮ್‌ಮೇಡ್ ಚಾಕ್ಲೇಟು, ಜೇನು, ಏಲಕ್ಕಿ ಜೊತೆಗೆ ಕಾಫಿ ಸೋಪು ಜೇನು ಸೋಪು ಅಂತ ಚೀಲ ತುಂಬ್ಕೊಂಡು ಹೋಗ್ತಾರೆ. ಕೈಲಿ ಮಾಡಿದ್ದು ಅಂದ ಮಾತ್ರಕ್ಕೆ ಮೆದು ಆಗಲ್ಲ. ಚೆನ್ನಾಗಿ ಮಾಡೋರು ಎಣ್ಣೆನ ಲೆಕ್ಕಕ್ಕಿಂತ ಒಂಚೂರು ಜಾಸ್ತಿ ಹಾಕಿ, ಕಾಸ್ಟಿಕ್ ಒಂದ್ಹನಿ ಉಳೀದ ಹಾಗೆ ನೋಡ್ಕೊಂಡು, ನಾಲ್ಕರಿಂದ ಆರು ವಾರ ಗಾಳಿಗೆ ಇಟ್ಟು ಹದ ಮಾಡ್ತಾರೆ, ಅಂಥದ್ದು ಕೆಲವ್ರಿಗೆ ತುಂಬ ಹಿಡ್ಸುತ್ತೆ. ಅಂಗಡಿಯವ್ರನ್ನ ಮೂರು ಪ್ರಶ್ನೆ ಕೇಳಿ, ಯಾವ ಎಣ್ಣೆ, ಯಾವಾಗ ಮಾಡಿದ್ದು, ಎಷ್ಟು ದಿನ ಇಟ್ಟಿದ್ರಿ ಅಂತ, ಉತ್ರ ಬಂದ್ರೆ ತಗೊಳ್ಳಿ. ಬರೀ ತೆಂಗಿನೆಣ್ಣೇಲೇ ಮಾಡಿದ್ದು ಅಂತ ಹೆಮ್ಮೆಯಿಂದ ಹೇಳಿದ್ರೆ ಒಣ ಚರ್ಮದವ್ರು ಸ್ವಲ್ಪ ಯೋಚ್ನೆ ಮಾಡಿ. ಎಣ್ಣೆಯಾಗಿ ಮೈಗೆ ಹಚ್ಚಿದ್ರೆ ಅಷ್ಟು ಹಿತ ಕೊಡೋ ತೆಂಗು ಸೋಪಾದಾಗ ಬೇರೇನೇ ಆಗುತ್ತೆ, ಅದರಲ್ಲಿ ಅರ್ಧದಷ್ಟು ಲಾರಿಕ್ ಆಸಿಡ್ ಇರೋದ್ರಿಂದ ನೊರೆ ಭರ್ತಿ, ಜಿಡ್ಡು ತೆಗೆಯೋದೂ ಭರ್ತಿ. ಇನ್ನು ಕಾಫಿ ಪುಡಿ ಹಾಕಿದ ಸ್ಕ್ರಬ್ ಸೋಪು, ನಾವೇ ಕಾಫಿ ಬೆಳೆಯೋರು, ಆದ್ರೂ ಹೇಳ್ತೀನಿ, ಇಸಬು ಇರೋ ಮೈಗೆ ಆ ತರಿತರಿ ಪುಡಿ ತಿಕ್ಬೇಡಿ. ಹಿಮ್ಮಡಿಗೆ ಹಾಕಿ, ಆಯ್ತು.

ಕಾಫಿ ಅಂದ್ಮೇಲೆ ಕುಯ್ಲಿನ ಕೈ ಬಗ್ಗೆ. ಹಣ್ಣು ಕುಯ್ದು ಕುಯ್ದು ಅಂಟು ಮೆತ್ತಿ, ಧೂಳು ಸೇರಿ, ಬೆರಳ ಸಂದಿ ಉಗುರು ಬುಡ ಎಲ್ಲ ಕಪ್ಪಾಗುತ್ತಲ್ಲ, ಅದು ಮೈ ಸೋಪಿಗೆ ಬಗ್ಗಲ್ಲ ಅಂತ ತೋಟದ ಕೆಲಸದವ್ರ ಲೈನ್‌ಮನೆ ಹೆಂಗಸ್ರು ಬಟ್ಟೆ ಸೋಪಲ್ಲೇ ಕೈ ತಿಕ್ತಾರೆ. ಸಂಜೆ ಐದು ಗಂಟೆ ಚಳಿ, ತಣ್ಣೀರು, ಮೇಲೆ ಬಟ್ಟೆ ಸೋಪು. ಫೆಬ್ರವರಿ ಹೊತ್ತಿಗೆ ಬೆರಳ ಗೆಣ್ಣಿನ ಹತ್ರ ಸೀಳು ಬಿಟ್ಟು ರಕ್ತ ಬರುತ್ತೆ, ಮೆಣಸು ಕುಯ್ಲು ಶುರುವಾದ್ರೆ ಆ ಸೀಳಲ್ಲಿ ಉರಿ ಕೇಳ್ಬೇಡಿ. ನಮ್ಮ ತೋಟದಲ್ಲಿ ಈಗ ತೊಳೆಯೋ ಕಡೆ ಒಂದು ಬಾಟ್ಲಿ ತೆಂಗಿನೆಣ್ಣೆ ಇಡ್ತೀವಿ. ಮೊದ್ಲು ಒಣ ಕೈಗೇ ಎಣ್ಣೆ ಹಾಕಿ ಚೆನ್ನಾಗಿ ಉಜ್ಜಿ, ಅಂಟು ಸಡಿಲ ಆದ್ಮೇಲೆ ಹಳೇ ಬಟ್ಟೇಲಿ ಒರ್ಸಿ, ಆಮೇಲೆ ಮೈ ಸೋಪು ಸ್ವಲ್ಪ. ಕಲೆ ಪೂರ್ತಿ ಹೋಗಲ್ಲ, ಹೋಗ್ಬೇಕು ಅಂತೇನೂ ಇಲ್ಲ, ನಾಳೆ ಮತ್ತೆ ಕುಯ್ಯೋಕೆ ಹೋಗೋದೇ ತಾನೆ. ಲಿಂಬೆ ಹಣ್ಣು ಉಜ್ಜಿ ಕಲೆ ತೆಗೆಯೋರಿಗೆ ಒಂದ್ಮಾತು, ಲಿಂಬೆ ರಸ ಕೈಲಿದ್ದು ಬಿಸಿಲು ತಾಗಿದ್ರೆ ಚರ್ಮ ಸುಟ್ಟ ಹಾಗಾಗಿ ಕಪ್ಪು ಮಚ್ಚೆ ತಿಂಗಳುಗಟ್ಟಲೆ ಉಳ್ಕೊಳ್ಳುತ್ತೆ.

ಈಗ ಬಚ್ಚಲಿಗೆ ಬರೋಣ, ಯಾಕಂದ್ರೆ ನನ್ ಪ್ರಕಾರ ಅರ್ಧ ಗಲಾಟೆ ಸೋಪಿಂದ ಅಲ್ಲ, ಹಂಡೆಯಿಂದ. ನಮ್ಮ ಕಡೆ ಹಂಡೆ ಒಲೆಗೆ ಕಾಫಿ ಸೌದೆ, ಸಿಲ್ವರ್ ಓಕ್ ಕೊಂಬೆ ತುರುಕ್ಬಿಟ್ರೆ ನೀರು ಕೊತಕೊತ ಕುದೀತಿರುತ್ತೆ, ಚಳಿಗೆ ಆ ಬಿಸಿ ನೀರು ಬೆನ್ನ ಮೇಲೆ ಬಿದ್ರೆ ಸ್ವರ್ಗ, ಯಾರೂ ಬೇಗ ಹೊರಗೆ ಬರಲ್ಲ. ಅತ್ತೆ ಅಂತೂ "ಮೈ ಕೆಂಪಾಗ್ದಿದ್ರೆ ಅದೆಂಥ ಸ್ನಾನ ಮಾರಾಯ್ತಿ" ಅನ್ನೋರು. ಬಿಸಿ ನೀರು ತಾನೇ ಚರ್ಮದ ಎಣ್ಣೆ ತೆಗ್ಯುತ್ತೆ, ಅದರ ಜೊತೆ ಸೋಪು ಸೇರಿದ್ರೆ ಕೆಲ್ಸ ಇನ್ನೂ ಜೋರು. ಎಷ್ಟೇ ದುಡ್ಡು ಕೊಟ್ಟು ತಂದ ಸಿಂಡೆಟ್ ಬಾರ್ ಆದ್ರೂ ಹಂಡೆ ನೀರಿನ ಮುಂದೆ ಸೋಲುತ್ತೆ. ಉಗುರು ಬೆಚ್ಚಗೆ ನೀರು, ಹತ್ತು ನಿಮಿಷದೊಳಗೆ ಸ್ನಾನ ಮುಗ್ಸೋದು, ಸೋಪು ಕಂಕುಳು, ತೊಡೆ ಸಂದಿ, ಪಾದ, ಮಣ್ಣಾದ ಕಡೆಗೆ ಮಾತ್ರ. ಕೈ, ಕಾಲು, ಬೆನ್ನಿಗೆ ದಿನಾ ನೊರೆ ಬೇಕಾಗಿಲ್ಲ, ಬರೀ ನೀರು ಸಾಕು. ಇದು ಕೇಳೋಕೆ ಕೊಳಕು ಅನ್ಸುತ್ತೆ, ನಮ್ಮತ್ತೆಗೂ ಅನ್ಸಿತ್ತು. ಆದ್ರೆ ಮಗಳ ಮೊಣಕಾಲಿನ ಹಿಂದೆ ಗೀರು ಗಾಯ ಕಮ್ಮಿ ಆಗಿದ್ದು ಸೋಪು ಬದಲಾಯಿಸಿದ್ದಕ್ಕಿಂತ ಇದರಿಂದ ಜಾಸ್ತಿ ಅಂತ ನಂಗೆ ಅನ್ಸುತ್ತೆ. ಮೈ ಒರ್ಸೋವಾಗ ಟವೆಲಲ್ಲಿ ಗಸಗಸ ತಿಕ್ದೆ ಒತ್ತಿ ತೆಗ್ದು, ಇನ್ನೂ ಪಸೆ ಇರೋವಾಗ್ಲೇ, ಬಚ್ಚಲಿಂದ ಬರೋ ಮುಂಚೆ ಎಣ್ಣೆನೋ ಕ್ರೀಮೋ ಹಚ್ಬೇಕು. ಒಣಗಿದ ಮೇಲೆ ಹಚ್ಚಿದ್ರೆ ಅಷ್ಟು ಪ್ರಯೋಜ್ನ ಇಲ್ಲ.

ನೀರಿನ ವಿಷಯದಲ್ಲಿ ನಾವು ಪುಣ್ಯವಂತ್ರು. ನಮ್ಮ ಬಾವಿ ನೀರು ಮೆದು, ಸೋಪು ಒಂದ್ಸಲ ಸವರಿದ್ರೆ ಬುಟ್ಟಿ ನೊರೆ. ಬೆಂಗ್ಳೂರಲ್ಲಿ ಅಕ್ಕನ ಮನೆ ಬೋರ್‌ವೆಲ್ ನೀರಲ್ಲಿ ಉಲ್ಟಾ, ಬಕೆಟ್ ಅಂಚಲ್ಲಿ ಬಿಳಿ ಪೊರೆ, ಎಷ್ಟು ಉಜ್ಜಿದ್ರೂ ನೊರೆ ಇಲ್ಲ. ಗಡಸು ನೀರಲ್ಲಿರೋ ಕ್ಯಾಲ್ಸಿಯಂ ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ಕರಗದೇ ಇರೋ ಗಷ್ಟು ಆಗಿ ಮೈ ಮೇಲೂ ಕೂರುತ್ತೆ. ಅಲ್ಲಿರೋರಿಗೆ ಸಿಂಡೆಟ್ ಇನ್ನೂ ವಾಸಿ, ಅದು ಗಡಸು ನೀರಿಗೆ ಅಷ್ಟು ಗಷ್ಟು ಕಟ್ಟಲ್ಲ. ರಜಕ್ಕೆ ಬಂದಾಗ ಅಕ್ಕ ಅದೇ ಅಭ್ಯಾಸದಲ್ಲಿ ಇಲ್ಲೂ ಸೋಪು ತಿಕ್ಕಿ ತಿಕ್ಕಿ, ಎಷ್ಟು ನೀರು ಹಾಕಿದ್ರೂ ಜಾರೋದು ಹೋಗ್ತಿಲ್ಲ ಅಂತ ಒಳಗಿಂದ ಕೂಗ್ತಾಳೆ.

"ಸೋಪೇ ಯಾಕೆ, ಕಡ್ಲೆಹಿಟ್ಟು ಹಾಕ್ಬೋದಲ್ಲ" ಅಂತ ಕೇಳೋರಿಗೆ, ಗಟ್ಟಿ ಚರ್ಮ ಇದ್ರೆ ಹಾಕಿ, ದೀಪಾವಳಿ ಎಣ್ಣೆ ಸ್ನಾನಕ್ಕೆ ನಾವೂ ಕಡ್ಲೆಹಿಟ್ಟು ಸೀಗೆಪುಡಿನೇ. ಆದ್ರೆ ಒಡ್ದಿರೋ, ಕೆರೆದು ಗಾಯ ಆಗಿರೋ ಚರ್ಮದ ಮೇಲೆ ತಿನ್ನೋ ಪದಾರ್ಥ ದಿನಾ ತಿಕ್ಕೋದು ನಂಗೆ ಭಯ. ಜಪಾನಲ್ಲಿ ಗೋಧಿ ಪ್ರೋಟೀನ್ ಹಾಕಿದ ಮುಖದ ಸೋಪೊಂದು ಬಳ್ಸಿ 2000ಕ್ಕೂ ಜಾಸ್ತಿ ಜನಕ್ಕೆ ಗೋಧಿ ತಿಂದ್ರೇ ಆಗದ ಅಲರ್ಜಿ ಅಂಟ್ಕೊಂಡು, 2011ರಲ್ಲಿ ಆ ಸೋಪು ವಾಪಸ್ ತಗೊಂಡ್ರು. ಅದ್ರಲ್ಲಿ ಇದ್ದಿದ್ದು ಬೇರೆ ರೀತಿ ಸಂಸ್ಕರಿಸಿದ ಗೋಧಿ, ಕಡ್ಲೆಹಿಟ್ಟಿಗೂ ಅದಕ್ಕೂ ನೇರ ಸಂಬಂಧ ಇಲ್ಲ, ಆದ್ರೆ ಚರ್ಮದ ಮೂಲಕವೂ ದೇಹ ಒಂದು ಆಹಾರಕ್ಕೆ ತಿರುಗಿಬೀಳ್ಬೋದು ಅಂತ ಅದ್ರಿಂದ ಗೊತ್ತಾಯ್ತು.

ಮಳೆಗಾಲದ್ದು ಬೇರೆ ಕಥೆ. ಜೂನಿಂದ ಬಟ್ಟೆ ಒಣಗಲ್ಲ, ಒಳ ಉಡುಪು ಅರೆಹಸಿ, ಗಮ್‌ಬೂಟ್ ಒಳಗೆ ಬೆವರು, ತೊಡೆ ಸಂದೀಲಿ ಹುಳುಕಡ್ಡಿ. ಅದಕ್ಕೆ ಅಂತ ಎಲ್ರೂ ಕ್ರಿಮಿ ಕೊಲ್ಲೋ ಸೋಪು ತಂದು ದಿನಕ್ಕೆರಡು ಸಲ ತಿಕ್ತಾರೆ. ಹುಳುಕಡ್ಡಿ ಅಂದ್ರೆ ಫಂಗಸ್, ಈ ಸೋಪಿಗೆ ಅದು ಹೋಗಲ್ಲ, ಒಣಗಿ ಉರಿ ಬರುತ್ತೆ ಅಷ್ಟೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಟ್ರೈಕ್ಲೋಸಾನ್ ಸೇರಿ 19 ಕ್ರಿಮಿನಾಶಕಗಳನ್ನ ಮನೆ ಬಳಕೆ ಸೋಪಿಂದ ತೆಗ್ಸಿದ್ದು ಯಾಕಂದ್ರೆ ಸಾದಾ ಸೋಪು ನೀರಿಗಿಂತ ಇವು ಮೇಲು ಅಂತ ಕಂಪ್ನಿಗಳು ತೋರ್ಸೋಕೆ ಆಗ್ಲಿಲ್ಲ ಅಂತ. ಇದಕ್ಕಿಂತ ಕೆಟ್ದು ಮೆಡಿಕಲಲ್ಲಿ ಕೇಳಿದ ತಕ್ಷಣ ಕೊಡೋ ಸ್ಟಿರಾಯ್ಡ್ ಮಿಕ್ಸ್ ಟ್ಯೂಬು, ಎರಡು ದಿನಕ್ಕೆ ತುರಿಕೆ ನಿಲ್ಲುತ್ತೆ, ಬಿಟ್ಟ ಮೇಲೆ ಡಬ್ಬಲ್ ಆಗಿ ಹಬ್ಬುತ್ತೆ. ಹುಳುಕಡ್ಡಿಗೆ ಡಾಕ್ಟ್ರ ಹತ್ರ ಹೋಗಿ, ಬಟ್ಟೆ ಒಲೆ ಮೇಲಿನ ಅಟ್ಟದಲ್ಲಿ ಚೆನ್ನಾಗಿ ಒಣಗ್ಸಿ ಹಾಕ್ಕೊಳ್ಳಿ, ಸೋಪಿನ ಮೇಲೆ ಆ ಭಾರ ಹಾಕ್ಬೇಡಿ. ಜಿಗಣೆಗೆ ಕಾಲಿಗೆ ಬಾರ್ ಸೋಪು ಬಳ್ಕೊಂಡು ತೋಟಕ್ಕೆ ಹೋಗೋರು ಬಂದ ಕೂಡ್ಲೇ ತೊಳ್ಕೊಳ್ಳಿ, ಸಂಜೆವರೆಗೂ ಹಂಗೇ ಬಿಟ್ರೆ ಮೀನಖಂಡ ಎಲ್ಲ ದದ್ದು.

ಹೊಸ ಸೋಪು ತಂದ್ರೆ ಮೊದಲ ದಿನವೇ ಮೈಗೆಲ್ಲ ಹಾಕ್ಬೇಡಿ. ಒಂದು ಮೊಣಕೈ ಒಳಭಾಗ ಮಾತ್ರ ಅದ್ರಲ್ಲಿ ತೊಳೀತಾ ವಾರ ನೋಡಿ, ಇನ್ನೊಂದು ಕೈ ಹಳೇ ಸೋಪಲ್ಲೇ ಇರ್ಲಿ, ವ್ಯತ್ಯಾಸ ಇದ್ರೆ ಕಣ್ಣಿಗೇ ಗೊತ್ತಾಗುತ್ತೆ.

ದುಬಾರಿ ಬಾರ್ ಎಲ್ರಿಗೂ ತರೋಕೆ ಆಗಲ್ಲ ಅನ್ನೋರಿಗೆ, ಎಲ್ರಿಗೂ ಬೇಕಾಗೂ ಇಲ್ಲ. ನಮ್ಮನೇಲಿ ಮಗಳಿಗೆ ಮಾತ್ರ ಸಿಂಡೆಟ್, ನಮಗೆಲ್ಲ ಗ್ರೇಡ್ 1 ಮಾಮೂಲಿ ಸೋಪು, ಅತ್ತೆಗೆ ಗಂಧದ್ದು. ಸಿಂಡೆಟ್ ಬಾರ್ ನೀರು ಕುಡಿದ್ರೆ ಮಾಮೂಲಿ ಸೋಪಿಗಿಂತ ಬೇಗ ಲೊಳಲೊಳ ಆಗುತ್ತೆ, ಅದ್ರಲ್ಲೂ ಜುಲೈ ತಿಂಗಳ ನಮ್ಮ ಥಂಡಿಗೆ, ಅದಕ್ಕೆ ತಂದ ದಿನಾನೇ ಚಾಕೂಲಿ ಎರಡು ಭಾಗ ಮಾಡಿ ಒಂದನ್ನ ಪ್ಯಾಕೆಟಲ್ಲೇ ಸುತ್ತಿ ಬೀರುಲಿ ಇಡಿ, ಇನ್ನೊಂದನ್ನ ತೂತಿರೋ ಡಬ್ಬೀಲಿ ಹಂಡೆಯಿಂದ ದೂರ, ನೀರು ಸಿಡೀದ ಕಡೆ.